ಅಕಾಂಥಸ್ ನೆಡುವ ಮುಂಚೆ ಜಾಗ ಗಟ್ಟಿ ಮಾಡಿಕೊಳ್ಳಿ

ಮೊದಲ ವರ್ಷ ನನ್ನ ಅಕಾಂಥಸ್ ಗಿಡ ಸತ್ತೇ ಹೋಯಿತು ಅಂದುಕೊಂಡಿದ್ದೆ. ಬಿಸಿಲು ಏರುತ್ತಿದ್ದಂತೆ ಎಲೆಗಳು ಒಂದೊಂದೇ ಹಳದಿಯಾಗಿ ನೆಲಕ್ಕೊರಗಿದವು. ಕೊನೆಗೆ ಬುಡ ಬೋಳಾಯಿತು. ಕಿತ್ತು ಬೇರೆ ಏನಾದರೂ ನೆಡೋಣ ಅಂತ ಅಗೆದೆ. ಒಂದು ಅಡಿ ಹೋದರೂ ಬೇರು ಮುಗಿಯಲಿಲ್ಲ. ಬೆರಳು ದಪ್ಪದ, ರಸ ತುಂಬಿದ ಬೇರು. ಅದರ ನೆತ್ತಿಯಲ್ಲಿ ಅಕ್ಕಿಕಾಳಿನಷ್ಟು ಮೊಳಕೆ. ಗಿಡ ನಿದ್ದೆ ಮಾಡುತ್ತಿತ್ತು, ಅಷ್ಟೇ.

ಇದರ ಪೂರ್ತಿ ಹೆಸರು ಅಕಾಂಥಸ್ ಮೊಲ್ಲಿಸ್, ಮೆಡಿಟರೇನಿಯನ್ ಸಮುದ್ರದ ಆಸುಪಾಸಿನ ಗಿಡ. ಅಲ್ಲಿ ಮಳೆ ಚಳಿಗಾಲದಲ್ಲಿ, ಬೇಸಿಗೆ ಪೂರಾ ಒಣ. ನೀರು ಸಿಗದಿದ್ದರೆ ಎಲೆ ಬಿಟ್ಟು ಬೇರಿಗೆ ಇಳಿಯುತ್ತದೆ, ತಂಪಾದಾಗ ಮತ್ತೆ ಏಳುತ್ತದೆ. ಬೇಸಿಗೆಯಲ್ಲೂ ಎಲೆ ಬೇಕು ಅಂದರೆ ಬುಡ ಒಣಗುವ ಮೊದಲೇ ವಾರಕ್ಕೊಮ್ಮೆ ಆಳಕ್ಕಿಳಿಯುವಂತೆ ನೀರು ಕೊಡಿ. ಆದರೆ ಮಲಗಿದ ಮೇಲೆ ದಿನಾ ಸುರಿಯಬೇಡಿ, ಬೇರು ಕೊಳೆಯುತ್ತದೆ.

ನಮ್ಮ ಕನಕಾಂಬರ, ಆಡುಸೋಗೆ ಇದರ ಕುಟುಂಬದವೇ. ಆದರೆ ಗಾತ್ರ ಬೇರೆ. ಎಲೆ ಮೊಣಕೈಯಷ್ಟು ಉದ್ದ, ಅಂಚೆಲ್ಲ ಸೀಳು ಸೀಳು, ಎಣ್ಣೆ ಸವರಿದಂತೆ ಹೊಳಪು. ಒಂದು ಗಿಡಕ್ಕೆ ಮೂರಡಿ ಜಾಗ ಬೇಕೇ ಬೇಕು. ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು ಸಿಗುವ ಕಡೆ ನೆಡಿ. ಪೂರ್ತಿ ನೆರಳಲ್ಲಿ ಎಲೆ ಚೆನ್ನಾಗಿರುತ್ತದೆ, ಹೂ ಕಡಿಮೆ. ಮಣ್ಣು ಯಾವುದಾದರೂ ಸರಿ, ನೀರು ಮಾತ್ರ ನಿಲ್ಲಬಾರದು. ಜಿಗುಟು ಮಣ್ಣಾದರೆ ದಪ್ಪ ಮರಳು, ಹಳೇ ಗೊಬ್ಬರ ಸೇರಿಸಿ ನೆಲವನ್ನು ಸ್ವಲ್ಪ ಎತ್ತರಿಸಿ.

ಹೂವಿನ ದಂಟು ನಾಲ್ಕೈದು ಅಡಿ ಏಳುತ್ತದೆ. ಹತ್ತಿರ ಹೋಗಿ ನೋಡಿ: ಬಿಳಿ ಹೂ ನಾಲಗೆಯಂತೆ ಕೆಳಗೆ ಚಾಚಿರುತ್ತದೆ, ಅದರ ಮೇಲೆ ನೇರಳೆ ಟೋಪಿ. ದುಂಬಿ ಆ ಟೋಪಿಯನ್ನು ಬೆನ್ನಿನಿಂದ ತಳ್ಳಿಕೊಂಡೇ ಒಳಗೆ ನುಗ್ಗಬೇಕು. ಮೊಲ್ಲಿಸ್ ಅಂದರೆ ಲ್ಯಾಟಿನ್‌ನಲ್ಲಿ ಮೃದು. ಎಲೆಗೆ ಆ ಹೆಸರು ಸರಿ. ಹೂವಿನ ದಂಟಿನಲ್ಲಿ ಮುಳ್ಳಿದೆ, ಕತ್ತರಿಸುವಾಗ ಕೈಗವಸು ಹಾಕಿಕೊಳ್ಳಿ.

ತೊಂದರೆ ಎರಡೇ. ಎಳೆ ಎಲೆಗೆ ಬಸವನಹುಳು ಬರುತ್ತದೆ. ರಾತ್ರಿ ಟಾರ್ಚ್ ಹಿಡಿದು ಹೆಕ್ಕುವುದೇ ನನಗೆ ಹಿಡಿಸಿದ ದಾರಿ. ಬುಡ ಒಣಗಿ, ಗಾಳಿಯೂ ಆಡದಿದ್ದರೆ ಬೂದಿ ರೋಗ. ಆ ಎಲೆಗಳನ್ನು ಬುಡಕ್ಕೇ ಕತ್ತರಿಸಿ, ಹೊಸದು ಬರುತ್ತದೆ.

ಇನ್ನು ಜಾಗದ ವಿಷಯ. ಒಮ್ಮೆ ನೆಟ್ಟರೆ ಇದರ ಬೇರು ಅಲ್ಲಿಂದ ಸುಲಭಕ್ಕೆ ಹೋಗುವುದಿಲ್ಲ, ಅದಕ್ಕೊಂದು ಹಳೇ ಕಥೆಯೇ ಇದೆ. ಪ್ರಾಚೀನ ಗ್ರೀಸ್‌ನ ಕೊರಿಂಥ್ ಶೈಲಿಯ ಕಂಬಗಳ ತಲೆಯಲ್ಲಿರುವ ಕೆತ್ತನೆ ಇದೇ ಎಲೆ. ಪ್ರಾಚೀನ ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್ ಅದರ ಕಥೆ ಹೇಳುತ್ತಾನೆ. ತೀರಿಹೋದ ಹುಡುಗಿಯೊಬ್ಬಳ ಸಮಾಧಿಯ ಮೇಲೆ ದಾದಿ ಒಂದು ಬುಟ್ಟಿ ಇಟ್ಟು, ಹೆಂಚು ಮುಚ್ಚಿದ್ದಳು. ಅಡಿಯಲ್ಲಿ ಅಕಾಂಥಸ್ ಬೇರಿತ್ತು. ವಸಂತದಲ್ಲಿ ಎಲೆಗಳು ಬುಟ್ಟಿಯ ಸುತ್ತ ಎದ್ದು, ಹೆಂಚಿನ ಮೂಲೆಗೆ ತಾಗಿ ಸುರುಳಿಯಾದವು. ಶಿಲ್ಪಿ ಕ್ಯಾಲಿಮಾಕಸ್ ಅದನ್ನು ನೋಡಿ ಕಂಬಕ್ಕಿಳಿಸಿದನಂತೆ. ಕಥೆ ನಿಜವೋ ಅಲ್ಲವೋ, ಬೇರಿನ ಸ್ವಭಾವ ಮಾತ್ರ ಅದರಲ್ಲಿ ಸರಿಯಾಗಿದೆ. ನಾನು ಗಿಡವನ್ನು ಗೋಡೆ ಬದಿಯಿಂದ ತೆಗೆದು ಬೇರೆಡೆ ನೆಟ್ಟೆ. ಮಣ್ಣಲ್ಲಿ ಉಳಿದ ತುಂಡುಗಳಿಂದ ಹಳೇ ಜಾಗದಲ್ಲೇ ಐದು ಗಿಡ ಎದ್ದವು!

ಹೊಸ ಗಿಡ ಮಾಡಲೂ ಅದೇ ದಾರಿ. ಚಳಿಗಾಲದಲ್ಲಿ ಪೆನ್ಸಿಲ್ ದಪ್ಪದ ಬೇರನ್ನು 5–7 ಸೆಂಟಿಮೀಟರ್ ತುಂಡು ಮಾಡಿ. ಗಿಡದ ಬುಡಕ್ಕೆ ಹತ್ತಿರವಿದ್ದ ತುದಿ ಮೇಲೆ ಬರುವಂತೆ ಮರಳು ಬೆರೆಸಿದ ಮಣ್ಣಲ್ಲಿ ನಿಲ್ಲಿಸಿ, ಮೇಲೆ ತೆಳ್ಳಗೆ ಮಣ್ಣು ಮುಚ್ಚಿ. ಯಾವ ತುದಿ ಅಂತ ಗೊಂದಲವಾದರೆ ಸುಮ್ನೆ ಅಡ್ಡ ಮಲಗಿಸಿ. ಎಲೆ ಬಂತು ಅಂತ ಕೂಡಲೇ ಕಿತ್ತು ನೆಡಬೇಡಿ. ಎಲೆ ಮೊದಲು ಬರುತ್ತದೆ, ಹೊಸ ಬೇರು ಆಮೇಲೆ. ಕುಂಡದ ತೂತಿನಲ್ಲಿ ಬಿಳಿ ಬೇರು ಕಾಣುವವರೆಗೆ ಕಾಯಿರಿ.