ಕಾರವಾರದ ಮಳೆಯಲ್ಲಿ ಡಿಸ್ಕ್ ಪರೀಕ್ಷೆ

ಜೂನ್ ಬಂತೆಂದರೆ ನಮ್ಮ ಲ್ಯಾಬಿನ ಗೋಡೆಯೂ ಬೆವರುತ್ತದೆ. ಮೂತ್ರದ ಕಲ್ಚರ್‌ನಲ್ಲಿ ಇ. ಕೋಲಿ ಬ್ಯಾಕ್ಟೀರಿಯಾ ಬಂತು, ಯಾವ ಆಂಟಿಬಯಾಟಿಕ್ ಅದಕ್ಕೆ ನಾಟುತ್ತದೆ ಎಂದು ನೋಡಬೇಕು. ಪುಸ್ತಕದಲ್ಲಿ ಇದು ಸುಲಭ: ಬ್ಯಾಕ್ಟೀರಿಯಾ ಬಳಿದ ಪ್ಲೇಟಿನ ಮೇಲೆ ಔಷಧಿ ಹೀರಿದ ಪುಟ್ಟ ಕಾಗದದ ಬಿಲ್ಲೆ (ಡಿಸ್ಕ್) ಇಡಿ, ಅದರ ಸುತ್ತ ಏನೂ ಬೆಳೆಯದೆ ಉಳಿದ ವೃತ್ತದ (ಝೋನ್) ಅಗಲ ಅಳೆಯಿರಿ. ಇಲ್ಲಿ ಮೊದಲು ತೇವದ ಜೊತೆ ಗುದ್ದಾಡಬೇಕು.

ಡಿಸ್ಕ್ ಡಬ್ಬಿಯನ್ನು ಫ್ರಿಜ್‌ನಿಂದ ತೆಗೆದ ಕೂಡಲೇ ಬಿಚ್ಚಬೇಡಿ. ಒಂದೆರಡು ತಾಸು ಹೊರಗಿರಲಿ. ತಣ್ಣಗಿನ ಡಬ್ಬಿ ಬಿಚ್ಚಿದರೆ ಒಳಗೆ ನೀರು ಕೂರುತ್ತದೆ. ಮಳೆಗಾಲದಲ್ಲಿ ಹಲಸಿನ ಹಪ್ಪಳದ ಡಬ್ಬ ತೆರೆದಿಟ್ಟರೆ ಏನಾಗುತ್ತದೆ, ಗೊತ್ತಲ್ವಾ? ಒಂದು ಜುಲೈನಲ್ಲಿ ನಾನು ವಾರವಿಡೀ ಹೀಗೇ ಅವಸರ ಮಾಡಿದೆ. ಇಮಿಪೆನೆಮ್ ಎಂಬ ಆಂಟಿಬಯಾಟಿಕ್ ತೇವಕ್ಕೆ ಬಹಳ ನಾಜೂಕು. ಫಲಿತಾಂಶ ಮೊದಲೇ ಗೊತ್ತಿರುವ ಇ. ಕೋಲಿಯ ಕಂಟ್ರೋಲ್ ತಳಿ ಎಟಿಸಿಸಿ 25922ರ ಝೋನ್ 26ರಿಂದ 32 ಮಿ.ಮೀ. ಒಳಗೆ ಬರಬೇಕು. ನನಗೆ ಬಂದದ್ದು 22. ಹೊಸ ಡಬ್ಬಿ ತೆಗೆದೆ, 29 ಬಂತು. ಅಂದಿನ ವರದಿಗಳನ್ನೆಲ್ಲ ತಡೆಹಿಡಿದು ಮತ್ತೆ ಮಾಡಿದೆ. ಕಂಟ್ರೋಲ್ ಇಡದೇ ಇದ್ದಿದ್ದರೆ ಸುಮ್ನೆ ‘ರೆಸಿಸ್ಟೆಂಟ್’ (ಔಷಧಿ ನಾಟುವುದಿಲ್ಲ) ಎಂದು ಬರೆದುಬಿಡುತ್ತಿದ್ದೆ.

ಪ್ಲೇಟಿನಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ, ಅಂದರೆ ಮುಲ್ಲರ್ ಹಿಂಟನ್ ಅಗಾರ್, 4 ಮಿ.ಮೀ. ದಪ್ಪ ಇರಲಿ. ತೆಳುವಾದರೆ ಝೋನ್ ಸುಳ್ಳೇ ದೊಡ್ಡದಾಗುತ್ತದೆ. ಮೇಲೆ ಹನಿ ಇದ್ದರೆ ಮುಚ್ಚಳ ಓರೆ ಮಾಡಿ ಇನ್‌ಕ್ಯುಬೇಟರ್‌ನಲ್ಲಿ ಆರಿಸಿ.

ಒಂದೇ ತರಹದ ನಾಲ್ಕೈದು ಕಾಲನಿ (ಬ್ಯಾಕ್ಟೀರಿಯಾ ಬೆಳೆದ ಚುಕ್ಕೆ) ತೆಗೆದು ಸಲೈನ್‌ನಲ್ಲಿ ಕಲಸಿ. ಕಪ್ಪು ಗೆರೆಯ ಕಾರ್ಡ್ ಹಿಂದಿಟ್ಟು ಎಷ್ಟು ಮಸುಕಿರಬೇಕೆಂದು ತೋರಿಸುವ 0.5 ಮ್ಯಾಕ್‌ಫಾರ್ಲೆಂಡ್ ಟ್ಯೂಬಿಗೆ ಹೋಲಿಸಿ. ಕಣ್ಣಳತೆ ಬೇಡ. ದಟ್ಟವಾದರೆ ಝೋನ್ ಕುಗ್ಗುತ್ತದೆ. 15 ನಿಮಿಷದೊಳಗೆ ಸ್ವಾಬ್ ಅದ್ದಿ, ಟ್ಯೂಬಿನ ಗೋಡೆಗೆ ಒತ್ತಿ ಹಿಂಡಿ, ಪ್ಲೇಟ್ ತಿರುಗಿಸುತ್ತಾ ಮೂರು ದಿಕ್ಕಿನಲ್ಲಿ ಬಳಿಯಿರಿ.

ಇಟ್ಟ ಡಿಸ್ಕನ್ನು ಸರಿಸಬೇಡಿ. ತಾಗಿದ ಕ್ಷಣವೇ ಔಷಧಿ ಇಳಿಯಲು ಶುರುವಾಗಿರುತ್ತದೆ. ಸಾಮಾನ್ಯ ಪ್ಲೇಟಿಗೆ ಐದಕ್ಕಿಂತ ಜಾಸ್ತಿ ಬೇಡ. ಹದಿನೈದು ನಿಮಿಷದೊಳಗೆ ಬೋರಲು ಹಾಕಿ 35 ಡಿಗ್ರಿಯಲ್ಲಿಡಿ. 16ರಿಂದ 18 ತಾಸು. ರಾತ್ರಿ ಕರೆಂಟ್ ಹೋದದ್ದನ್ನು ಬರೆದಿಡಲು ಕಾವಲಿನವರಿಗೆ ನಾನು ಒಂದು ವಹಿಯನ್ನೇ ಕೊಟ್ಟಿದ್ದೇನೆ.

ಅಳೆಯುವುದು ಪ್ಲೇಟಿನ ಹಿಂಭಾಗದಿಂದ. ಪ್ಲೇಟಿನ ಮೇಲೆಲ್ಲ ಹಬ್ಬುವ ಪ್ರೋಟಿಯಸ್ ಬ್ಯಾಕ್ಟೀರಿಯಾ ಆದರೆ ಝೋನ್ ಒಳಗೆ ಹಬ್ಬಿದ ತೆಳು ಪೊರೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಸೆಫ್ಟಾಜಿಡಿಮ್ ಝೋನ್ ಪಕ್ಕದ ಕ್ಲಾವುಲನೇಟ್ ಡಿಸ್ಕಿನ ಕಡೆಗೆ ಕೀಲಿತೂತಿನ ಹಾಗೆ ಉಬ್ಬಿದ್ದರೆ ಇಎಸ್‌ಬಿಎಲ್ (ಸೆಫ್ಟಾಜಿಡಿಮ್‌ನಂಥ ಔಷಧಿಯನ್ನು ಒಡೆಯುವ, ಕ್ಲಾವುಲನೇಟ್ ತಡೆಯುವ ಕಿಣ್ವ) ಇರಬಹುದು, ಖಚಿತಪಡಿಸುವ ಪರೀಕ್ಷೆ ಹಾಕಿ.

ಇನ್ನು ಕೊಲಿಸ್ಟಿನ್ ಎಂಬ ಆಂಟಿಬಯಾಟಿಕ್. ವಾರ್ಡಿನಿಂದ ಫೋನ್ ಬರುತ್ತದೆ, ‘ಒಂದು ಡಿಸ್ಕ್ ಹಾಕಿ ನೋಡಿ’ ಅಂತ. ಅದರ ಅಣು ದೊಡ್ಡದು, ಅಗಾರ್‌ನಲ್ಲಿ ಸರಿಯಾಗಿ ಹರಡುವುದಿಲ್ಲ. ಅದಕ್ಕೆ ಬ್ರಾತ್ ಮೈಕ್ರೋಡೈಲ್ಯೂಷನ್‌ನಂಥ (ಔಷಧಿಯನ್ನು ದ್ರವದಲ್ಲಿ ಹಂತ ಹಂತವಾಗಿ ತೆಳುಮಾಡಿ ನೋಡುವ) ಪರೀಕ್ಷೆ ಆಗಬೇಕು. ‘ಇಲ್ಲ ಸಾರ್, ಡಿಸ್ಕಿನಲ್ಲಿ ಆಗೋದಿಲ್ಲ’ ಎಂದು ಹೇಳಿಬಿಡಿ.