ತೆಗೆದದ್ದನ್ನು ಮರಳಿ ಹಾಕದಿದ್ದಾಗ: ತಪಾಸಣೆಯ ಲೆಕ್ಕವನ್ನು ನಾನು ಮಾಡುವ ಬಗೆ

ಪೀಣ್ಯದ ಒಂದು ಯಂತ್ರಭಾಗಗಳ ಕಾರ್ಖಾನೆಯಲ್ಲಿ ಗುಣಮಟ್ಟದ ತಪಾಸಣೆ ನನ್ನ ಕೆಲಸ. 50 ಬುಷ್‌ಗಳ (ಕೊಳವೆಯಾಕಾರದ ಸಣ್ಣ ಯಂತ್ರಭಾಗಗಳ) ಲಾಟ್‌ನಿಂದ, ಅಂದರೆ ಒಟ್ಟಿಗೆ ಬಂದ ಗುಂಪಿನಿಂದ, ಒಂದೊಂದನ್ನೇ ತೆಗೆದು, ಅಳತೆ ನೋಡುವ ಗೇಜ್ ಹಾಕಿ ನೋಡಿ, ಬೇರೆ ಟ್ರೇಯಲ್ಲಿ ಇಡುತ್ತೇವೆ. ನೋಡಿದ್ದನ್ನು ಮತ್ತೆ ಲಾಟ್‌ಗೆ ಬೆರೆಸದ ಕಾರಣ, ಪ್ರತಿ ಸಲ ತೆಗೆದಾಗಲೂ ಮುಂದಿನದರ ಸಂಭವನೀಯತೆ ಬದಲಾಗುತ್ತದೆ.

ಲಾಟ್‌ನಲ್ಲಿ 3 ಬುಷ್‌ಗಳು ದೋಷಯುಕ್ತವೆಂದು ಇಟ್ಟುಕೊಳ್ಳೋಣ. 5 ತೆಗೆದು ನೋಡಿದರೆ ಒಂದೂ ದೋಷ ಸಿಗದೆ ಹೋಗುವ ಸಂಭವನೀಯತೆ ಎಷ್ಟು? ಮೊದಲನೆಯದು ಸರಿಯಿರುವುದು 47/50. ಅದು ಸರಿಯಿದ್ದರೆ ಉಳಿದ 49ರಲ್ಲಿ ಸರಿಯಾದವು 46, ಆದ್ದರಿಂದ 46/49. ಮುಂದೆ 45/48, 44/47, 43/46. ಇವನ್ನು ಕೂಡಲೇ ಗುಣಿಸದೆ ಸಾಲಾಗಿ ಬರೆದುಕೊಳ್ಳುತ್ತೇನೆ. ಮೇಲಿನ 47 ಮತ್ತು 46, ಕೆಳಗಿನವುಗಳೊಡನೆ ಹೊಡೆದುಹೋಗಿ (45×44×43)/(50×49×48) ಉಳಿಯುತ್ತದೆ. ಬೆಲೆ ಸುಮಾರು 0.724.

ಹೀಗೆ ಉಳಿದ ರೂಪವೇ ನನಗೆ ಅತ್ಯಂತ ಪ್ರಿಯವಾದದ್ದು. ಲೆಕ್ಕವನ್ನು ದೋಷಗಳ ಕಡೆಯಿಂದ ನೋಡಿದರೆ, ಮೂರು ದೋಷಯುಕ್ತ ಬುಷ್‌ಗಳೂ ನಾವು ಮುಟ್ಟದ 45ರಲ್ಲೇ ಉಳಿದುಬಿಡುವ ಸಂಭವನೀಯತೆ ಅದು. ಸ್ಯಾಂಪಲ್ 5 ಇರಲಿ, 30 ಇರಲಿ, ಗುಣಿಸಬೇಕಾದ ಭಿನ್ನರಾಶಿಗಳು ಮೂರೇ. ದೋಷವನ್ನು ಹಿಡಿಯುವ ಸಂಭವನೀಯತೆ ಕನಿಷ್ಠ 0.9 ಇರಬೇಕಾದರೆ ಎಷ್ಟು ಬುಷ್ ನೋಡಬೇಕು ಎಂಬುದಕ್ಕೂ ಇದೇ ದಾರಿ. ಒಂದೂ ಸಿಗದೆ ಹೋಗುವ ಸಂಭವನೀಯತೆ 0.1 ಮೀರಬಾರದು: ಮುಟ್ಟದೆ ಉಳಿದವು 23 ಆದಾಗ (23×22×21)/(50×49×48) ಸುಮಾರು 0.090, 24 ಆದಾಗ 0.103. ಅಂದರೆ 27 ಬುಷ್‌ಗಳನ್ನು, ಲಾಟ್‌ನ ಅರ್ಧಕ್ಕಿಂತ ಹೆಚ್ಚನ್ನು, ನೋಡಲೇಬೇಕು. ಪ್ರತಿ ಸಲ ಮರಳಿ ಹಾಕಿದಂತೆ ಭಾವಿಸಿ 0.94ರ (ಅಂದರೆ 47/50ರ) ಘಾತಗಳಿಂದ ಲೆಕ್ಕ ಹಾಕಿದರೆ 38 ಎಂದು ಬರುತ್ತದೆ. ಸಣ್ಣ ಲಾಟ್‌ಗಳಲ್ಲಿ ಆ ಸುಲಭ ಸೂತ್ರವನ್ನು ಬಳಸಬಾರದೆಂದು ನಾನು ಹೇಳುವುದು ಇದಕ್ಕಾಗಿಯೇ. 5000ದ ಲಾಟ್‌ನಿಂದ 5 ತೆಗೆಯುವಾಗ ಎರಡೂ ಬಗೆಯ ಉತ್ತರಗಳು ಹೆಚ್ಚುಕಡಿಮೆ ಒಂದೇ.

ಎರಡನೆಯದಾಗಿ ತೆಗೆದ ಬುಷ್ ದೋಷಯುಕ್ತವಾಗಿರುವ ಸಂಭವನೀಯತೆ ಬೇರೆಯೇ ಎಂದು ಹೊಸಬರು ಕೇಳುವುದುಂಟು. ಮೊದಲನೆಯದರ ಫಲಿತಾಂಶ ತಿಳಿಯದಿದ್ದಾಗ (47/50)(3/49) + (3/50)(2/49) ಕೂಡಿದರೆ ಮತ್ತೆ 3/50 ಬರುತ್ತದೆ. ತಿಳಿದ ಮೇಲಷ್ಟೇ ಅದು 3/49 ಅಥವಾ 2/49 ಆಗುತ್ತದೆ.

ಲಾಟ್‌ನ ಪ್ರತಿಯೊಂದು ಬುಷ್‌ಗೂ ಕೈಗೆ ಬರುವ ಸಮಾನ ಅವಕಾಶವಿದ್ದರೆ ಮಾತ್ರ ಈ ಲೆಕ್ಕ ನಿಲ್ಲುತ್ತದೆ. ಟೂಲ್ ಸವೆದಾಗ ಕೆಟ್ಟ ಬುಷ್‌ಗಳು ಒಂದರ ಹಿಂದೆ ಒಂದು ತಯಾರಾಗಿ ಡಬ್ಬದಲ್ಲಿ ಒಂದೆಡೆ ಸೇರಿರುತ್ತವೆ. ಹಾಗಾಗಿ ನಾನು ಮೇಲಿನ ಪದರದಿಂದಲೇ ಸ್ಯಾಂಪಲ್ ತೆಗೆಯುವುದಿಲ್ಲ. ಬುಷ್‌ಗಳನ್ನು ಸಾಲಾಗಿ ಜೋಡಿಸಿ, 1ರಿಂದ 50ರವರೆಗಿನ ಚೀಟಿ ಎತ್ತಿ, ಬಂದ ಸಂಖ್ಯೆಯದನ್ನೇ ಗೇಜ್‌ಗೆ ಹಾಕುತ್ತೇನೆ. ಎತ್ತಿದ ಚೀಟಿಯನ್ನೂ ಮರಳಿ ಹಾಕುವುದಿಲ್ಲ.