ರೊಬಸ್ಟಾ ಅಂದ್ರೆ ಗಟ್ಟಿ: ತೋಟದ ಮರಗಳಿಗೆ ಲ್ಯಾಟಿನ್ ಫಲಕ ಹಾಕಿದ ನನ್ನ ಅನುಭವ

ಮರಕ್ಕೆ ಲ್ಯಾಟಿನ್ ಹೆಸರಿನ ಫಲಕ ಅಂದರೆ ಮೂಡಿಗೆರೆ ಕಡೆಯ ಬೆಳೆಗಾರರು ‘ದುಡ್ಡು ಜಾಸ್ತಿ ಆಗಿದ್ಯಾ’ ಅನ್ನುತ್ತಿದ್ದರು. ಈಗ ಅವರ ಹೋಂಸ್ಟೇಗಳಿಗೂ ನಾನೇ ಮಾಡಿಕೊಡುತ್ತಿದ್ದೇನೆ. ಉಪಾಯ ಇಷ್ಟೇ: ಹೆಸರಿನ ಎರಡನೇ ಪದದ ಅರ್ಥವನ್ನು ಕೆಳಗೆ ಕನ್ನಡದಲ್ಲಿ ಬರೆಯುವುದು. ತೋಟ ತೋರಿಸುವ ಹುಡುಗರ ತಲೆಯಲ್ಲಿ ನಿಲ್ಲುವುದು ಅದೇ.

ಸಿಲ್ವರ್ ಮರದಿಂದಲೇ (ಇಂಗ್ಲಿಷಿನಲ್ಲಿ ಸಿಲ್ವರ್ ಓಕ್) ಶುರು ಮಾಡಿ. ಗ್ರೆವಿಲಿಯಾ ರೊಬಸ್ಟಾ. ಲ್ಯಾಟಿನ್ನಿನಲ್ಲಿ ರೋಬುರ್ ಅಂದರೆ ಓಕ್ ಮರ, ಅದರ ಗಟ್ಟಿ ಚೇಗು, ಹಾಗೇ ಬಲ. ರೋಬುಸ್ತುಸ್ ಮೊದಲು ‘ಓಕಿನದು’, ಆಮೇಲೆ ‘ಗಟ್ಟಿಮುಟ್ಟು’. ಸ್ತ್ರೀಲಿಂಗದಲ್ಲಿ ರೊಬಸ್ಟಾ. ಇಂಗ್ಲಿಷಿನ ರೋಬಸ್ಟ್, ಫ್ರೆಂಚಿನ ರೊಬ್ಯುಸ್ತ್, ಇಟಲಿ, ಸ್ಪೇನಿನವರ ರೊಬುಸ್ತೊ ಎಲ್ಲ ಅದರ ಮಕ್ಕಳೇ, ಹಾಗಾಗಿ ಆ ದೇಶದ ಅತಿಥಿಗಳಿಗೆ ವಿವರಿಸುವ ಕೆಲಸವೇ ಇಲ್ಲ. ಆಸ್ಟ್ರೇಲಿಯಾದ ಈ ಮರ ಓಕ್ ಜಾತಿಯದಲ್ಲ. ಆದರೂ ಇಂಗ್ಲಿಷ್ ಹೆಸರಲ್ಲೂ ಲ್ಯಾಟಿನ್ ಹೆಸರಲ್ಲೂ ಓಕ್ ಬಂದು ಕೂತಿದೆ! ಅದರ ನೆರಳಿನ ಕಾಫಿಗೆ ಮಾತ್ರ ರೊಬಸ್ಟಾ ಅನ್ನುವುದು ಪೇಟೆಯ ಹೆಸರು. ಫಲಕದಲ್ಲಿ ಕಾಫಿಯಾ ಕೆನೆಫೊರಾ ಅಂತಲೇ ಬರಬೇಕು.

ದುಡ್ಡು ಹಾಳಾಗುವುದು ಲ್ಯಾಟಿನ್ ಪದದ ಲಿಂಗದಲ್ಲಿ. ಮೊದಲ ಪದ ‘ಅಸ್’ ಅಂತ ಮುಗಿದರೆ ಎರಡನೆಯದನ್ನೂ ಹಾಗೇ ‘ತಿದ್ದಿ’ಬಿಡುತ್ತಾರೆ ಅಕ್ಷರ ಹೊಡೆಯುವವರು. ಹೆಬ್ಬಲಸು ಆರ್ಟೊಕಾರ್ಪಸ್ ಹಿರ್ಸುಟಸ್, ಅಂದರೆ ರೋಮವಿರುವುದು. ಅಲ್ಲಿ ಸರಿ. ಆದರೆ ಅತ್ತಿ ಫೈಕಸ್ ರೆಸಿಮೋಸಾ, ಕಿತ್ತಳೆ ಸಿಟ್ರಸ್ ರೆಟಿಕ್ಯುಲೇಟಾ, ಎರಡನೇ ಪದ ಸ್ತ್ರೀಲಿಂಗ. ಲ್ಯಾಟಿನ್ನಿನಲ್ಲಿ ಮರಗಳು ಬಹುಪಾಲು ಹೆಂಗಸರು. ಮೆಣಸು ನಪುಂಸಕ: ಪೈಪರ್ ನೈಗ್ರಮ್. ಹೀಗೆ ತಿದ್ದಿದ ಫಲಕಗಳು ಗುಜರಿಗೆ ಹೋದದ್ದರಲ್ಲೇ ನಾಲ್ಕೈದು ಸಾವಿರ ಕೈಬಿಟ್ಟಿತು.

ಫ್ಲೆಕ್ಸ್ ಒಂದು ಮಳೆಗಾಲ ತಡೆಯಲ್ಲ. ಕಬ್ಬಿಣದ ತಗಡು ಮೊಳೆ ತೂತಿನಿಂದಲೇ ತುಕ್ಕು ಹಿಡಿಯುತ್ತದೆ. ಅಲ್ಯೂಮಿನಿಯಂ ತಗಡಿಗೆ ಪಂಚಿನಲ್ಲಿ ಇಂಗ್ಲಿಷ್ ಅಕ್ಷರ, ಕೆಳಗೆ ಆಯಿಲ್ ಪೇಂಟಿನಲ್ಲಿ ಕನ್ನಡ. ಒಂದಕ್ಕೆ ಹೆಚ್ಚುಕಡಿಮೆ 120 ರೂಪಾಯಿ. ಮೊಳೆಯನ್ನು ಪೂರ್ತಿ ಹೊಡೆಯಬೇಡಿ, ಎರಡು ಬೆರಳು ಹೊರಗಿರಲಿ. ಸಿಲ್ವರ್ ದಪ್ಪವಾಗುತ್ತಾ ತಗಡನ್ನೇ ನುಂಗಿಬಿಡುತ್ತದೆ. ಮೆಣಸು ಹಬ್ಬಿಸಿದ ಮರವಾದರೆ ಮರದ ಸಹವಾಸವೇ ಬೇಡ, ದಾರಿ ಪಕ್ಕ ಗೂಟ ಹಾಕಿ. ಪಾಚಿ ಕಟ್ಟದ ಹಾಗೆ ಏನು ಬಳಿಯುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ.

ರೋಗಕ್ಕೂ ಒಂದು ಫಲಕ ಹಾಕಿ ನೋಡಿದೆ. ಎಲೆ ತುಕ್ಕು ರೋಗದ ಶಿಲೀಂಧ್ರಕ್ಕೆ ಸಿಲೋನಿನ ಕಾಫಿ ಎಲೆ ನೋಡಿ 1869ರಲ್ಲಿ ಇಟ್ಟ ಹೆಸರು ಹೆಮಿಲಿಯಾ ವಸ್ಟಾಟ್ರಿಕ್ಸ್, ಹಾಳುಗೆಡಹುವವಳು. ಅರೇಬಿಕಾ ಎಲೆ ಮಗುಚಿ ಕಿತ್ತಳೆ ಬಣ್ಣದ ಪುಡಿ ತೋರಿಸಿ ಈ ಅರ್ಥ ಹೇಳಿದರೆ ಔಷಧಿ ಹೊಡೆಯುವವರೇ ಎಲೆಯ ಅಡಿಭಾಗ ನೆನೆಯುವಂತೆ ಹೊಡೆಯುತ್ತಾರೆ.